ನದಿಮೂಲ, ಋಷಿಮೂಲ, ಕಾರುಮೂಲ

ಹಳೆಯ ಕಾರನ್ನೋ ಸ್ಕೂಟರನ್ನೋ ಕೊಂಡು ಆರ್‌ಟಿಒ ಕಚೇರಿಗೆ ಹೋದವರಿಗೆ ಒಂದು ಕೆಲಸ ನೆನಪಿರುತ್ತದೆ. ಚಾಸಿಯ ಮೇಲೆ ಒತ್ತಿದ ನಂಬರು ಎಲ್ಲಿದೆ ಎಂದು ಮೊದಲು ಹುಡುಕಬೇಕು. ಮೇಲಿನ ಜಿಡ್ಡು, ಧೂಳು ಒರೆಸಬೇಕು. ತೆಳುವಾದ ಕಾಗದದ ಚೂರೊಂದನ್ನು ಅದರ ಮೇಲಿಟ್ಟು ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಬೇಕು. ಕಪ್ಪು ಗೀರುಗಳ ನಡುವೆ ಅಂಕಿಗಳು ಬೆಳ್ಳಗೆ ಮೂಡಿಬರುತ್ತವೆ. ಆರ್‌ಸಿ ಪುಸ್ತಕದಲ್ಲಿರುವ ಸಂಖ್ಯೆಯೊಂದಿಗೆ ಅದು ತಾಳೆಯಾದರೆ, ಈ ಗಾಡಿ ಅದೇ ಗಾಡಿ ಎಂದು ಸರ್ಕಾರ ಒಪ್ಪಿಕೊಳ್ಳುತ್ತದೆ.

ದೇವಸ್ಥಾನದ ಮುಂದಿನ ಶಾಸನದ ಕಲ್ಲಿಗೆ ವಿದ್ವಾಂಸರು ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ. ಆದರೆ ಅಕ್ಷರ ಸಿಕ್ಕಿದ ಮಾತ್ರಕ್ಕೆ ಅವರ ಕೆಲಸ ಮುಗಿಯುವುದಿಲ್ಲ. ಈ ಲಿಪಿ ಈ ಕಾಲದ್ದೇ? ಈ ತಿಥಿ ವಾರಗಳು ಕೂಡಿಬರುತ್ತವೆಯೇ? ಯಾರಾದರೂ ಹಿಂದಿನಿಂದ ಕೆತ್ತಿಸಿಟ್ಟರೇ? ಗಂಗ ಅರಸರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು, ಅಂದರೆ ನಕಲಿ ಶಾಸನಗಳೆಂದು, ವಿದ್ವಾಂಸ ಫ್ಲೀಟ್ ವಾದಿಸಿದರು, ಇನ್ನೊಬ್ಬ ವಿದ್ವಾಂಸ ರೈಸ್ ಅವುಗಳ ಪರವಾಗಿ ನಿಂತರು. ನಾಡಿನ ಚರಿತ್ರೆ ಬರೆಯುವ ಮೊದಲು ಆ ಜಗಳ ಆಗಲೇಬೇಕಿತ್ತು.

ನದಿಮೂಲ, ಋಷಿಮೂಲ ಹುಡುಕಬಾರದು ಎಂಬ ಮಾತು ನಮ್ಮಲ್ಲಿದೆ. ಇಂದು ನಾನು ಹೇಳಹೊರಟಿರುವುದು ಹುಡುಕಲೇಬೇಕಾದ ಇನ್ನೊಂದು ಮೂಲದ ವಿಷಯ. ಸುಮಾರು ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಓಡಿದ ಪಂದ್ಯದ ಕಾರು ಇವತ್ತು ನಮ್ಮೆದುರು ನಿಂತರೆ, ಅದು ನಿಜವಾಗಿಯೂ ಆ ಕಾರೇ ಎಂದು ಗೊತ್ತುಮಾಡುವುದು ಹೇಗೆ?

ಮನೆಯ ಕಾರಿನ ಬಾಳು ಸರಳ. ಒಂದು ಕಾರ್ಖಾನೆಯಲ್ಲಿ ಹುಟ್ಟುತ್ತದೆ, ನಾಲ್ಕಾರು ಯಜಮಾನರ ಕೈದಾಟುತ್ತದೆ, ಕೊನೆಗೆ ಗುಜರಿ ಸೇರುತ್ತದೆ. ಓಟದ ಕಾರಿನ ಬಾಳು ಹಾಗಲ್ಲ. ಶನಿವಾರ ಗೋಡೆಗೆ ಬಡಿದರೆ ಭಾನುವಾರ ಬೇರೆ ಕಾರಿನ ಮುಂಭಾಗ ಹಾಕಿಕೊಂಡು ಓಡುತ್ತದೆ. ಎಂಜಿನ್ ಒಡೆದರೆ ಇನ್ನೊಂದು ಎಂಜಿನ್ ಬರುತ್ತದೆ. ನಿಯಮ ಬದಲಾದರೆ ಚಾಸಿಯನ್ನೇ ಕತ್ತರಿಸುತ್ತಾರೆ. ಹಣ ಕೊಟ್ಟ ಕಂಪನಿ ಬದಲಾದರೆ ಹೆಸರೂ ಬಣ್ಣವೂ ಬದಲಾಗುತ್ತವೆ. ಗೆಲ್ಲುವುದಕ್ಕಾಗಿ ಕಟ್ಟಿದವರಿಗೆ ಅದನ್ನು ಮುಂದಿನವರಿಗಾಗಿ ಕಾಪಾಡಬೇಕೆಂಬ ಯೋಚನೆ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಹಾಗಾಗಿ ಚಾಸಿ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿದರೆ ಇಲ್ಲಿ ಸಾಲುವುದಿಲ್ಲ.

ನಾನು ತೆಗೆದುಕೊಂಡಿರುವ ಉದಾಹರಣೆ ಹ್ಯಾರಿ ಮಿಲ್ಲರನ ಕಾರು. ಮಿಲ್ಲರ್ 1875ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮೆನೊಮನಿ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು. ಲಾಸ್ ಏಂಜಲೀಸಿಗೆ ಬಂದು ಕಾರ್ಬ್ಯುರೇಟರ್ ಮಾಡುತ್ತಿದ್ದ. ಅವನ ಕಾರ್ಖಾನೆಯಲ್ಲಿ ಇಬ್ಬರನ್ನು ಮುಖ್ಯವಾಗಿ ನೆನೆಯಬೇಕು. ಲೋಹದ ಕೆಲಸದಲ್ಲಿ ಎತ್ತಿದ ಕೈ ಫ್ರೆಡ್ ಆಫೆನ್‌ಹೌಸರ್. 1919ರಲ್ಲಿ ಬಂದು ಸೇರಿದ ನಕ್ಷೆಗಾರ ಲಿಯೋ ಗೂಸೆನ್. ಮಿಲ್ಲರನ ತಲೆಯಲ್ಲಿ ಹೊಳೆದದ್ದನ್ನು ಗೂಸೆನ್ ಕಾಗದದ ಮೇಲೆ ಇಳಿಸುತ್ತಿದ್ದ, ಆಫೆನ್‌ಹೌಸರ್ ಲೋಹದಲ್ಲಿ ಕಡೆದು ನಿಲ್ಲಿಸುತ್ತಿದ್ದ. ಇವರ ಕಾರುಗಳ ಚಿತ್ರ ನೋಡಿದರೆ, ಓಡುವುದಿರಲಿ, ಸುಮ್ಮನೆ ನಿಂತಿದ್ದಾಗಲೂ ಕಣ್ಣು ತೆಗೆಯಲಾಗದಷ್ಟು ಚೆಲುವಾಗಿವೆ. ಯಾರಿಗೂ ಕಾಣದ ಒಳಭಾಗದ ತುಂಡನ್ನೂ ಅಕ್ಕಸಾಲಿಗನಂತೆ ನುಣುಪು ಮಾಡಿ ಕೂರಿಸುವುದು ಆ ಕಾರ್ಖಾನೆಯ ರೂಢಿಯಾಗಿತ್ತು.

1926ರಲ್ಲಿ ಅಮೆರಿಕದ ದೊಡ್ಡ ಪಂದ್ಯಗಳಿಗೆ ಹೊಸ ನಿಯಮ ಬಂತು. ಎಂಜಿನ್ ಗಾತ್ರ 91.5 ಘನ ಅಂಗುಲ ಮೀರಬಾರದು. ನಮ್ಮ ಇಂದಿನ ಲೆಕ್ಕದಲ್ಲಿ 1500 ಸಿಸಿ, ಅಂದರೆ ಇವತ್ತು ನಮ್ಮ ರಸ್ತೆಯಲ್ಲಿ ಓಡಾಡುವ ಸಾಧಾರಣ ಕಾರಿನಷ್ಟು. ಅಷ್ಟರಲ್ಲೇ ಮಿಲ್ಲರ್ ಎಂಟು ಸಿಲಿಂಡರುಗಳನ್ನು ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಿದ. ಅವುಗಳ ತಲೆಯ ಮೇಲೆ, ವಾಲ್ವುಗಳನ್ನು ತೆರೆದು ಮುಚ್ಚಿಸುವ ದಂಡಗಳಾದ ಕ್ಯಾಮ್‌ಶಾಫ್ಟ್ ಎರಡನ್ನು ಕೂರಿಸಿದ. ಗಾಳಿಯನ್ನು ಒತ್ತಿ ತುಂಬಲು ಸೂಪರ್‌ಚಾರ್ಜರ್ ಜೋಡಿಸಿದ. ಎಂಜಿನ್ ನಿಮಿಷಕ್ಕೆ ಏಳು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತಿತ್ತು. ಇದೇ ಮಿಲ್ಲರ್ 91. ಹಿಂದಿನ ಚಕ್ರ ತಿರುಗಿಸುವ ಕಾರಿನ ಬೆಲೆ 10,000 ಡಾಲರ್, ಮುಂದಿನ ಚಕ್ರ ತಿರುಗಿಸುವುದರ ಬೆಲೆ 15,000 ಡಾಲರ್.

ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ ಕಾರಿಗೆ ಮೊದಲು ಆಸೆಪಟ್ಟವನು ಜಿಮ್ಮಿ ಮರ್ಫಿ ಎಂಬ ದೊಡ್ಡ ಓಟಗಾರ. ಆ ಕಾರು ಸಿದ್ಧವಾಗುವ ಮೊದಲೇ, 1924ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಪಂದ್ಯದಲ್ಲಿ ಅವನು ಸತ್ತ. ಮುಂದಿನ ವರ್ಷ ಅದೇ ಬಗೆಯ ಕಾರು ಇಂಡಿಯಾನಾಪೊಲಿಸಿನ 500 ಮೈಲಿ ಓಟದಲ್ಲಿ ಎರಡನೆಯದಾಗಿ ಬಂತು. ಚಾಲಕನ ಕೆಳಗೆ ತಿರುಗುವ ಉದ್ದನೆಯ ದಂಡವೇ ಇಲ್ಲದ್ದರಿಂದ ಅವನನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಕೂರಿಸಬಹುದಾಗಿತ್ತು. ಈ ವಿನ್ಯಾಸದ ಮೇಲೆ ಮಿಲ್ಲರನಿಗಿದ್ದ ಹಕ್ಕನ್ನು ಎರೆಟ್ ಲೋಬನ್ ಕಾರ್ಡ್ ಎಂಬ ಉದ್ಯಮಿ ಕೊಂಡುಕೊಂಡ. 1929ರಲ್ಲಿ ಅವನ ಕಂಪನಿ ಸಾರ್ವಜನಿಕರಿಗೆ ಮಾರಿದ ಕಾರ್ಡ್ ಎಲ್-29 ಕಾರಿನ ತಾಯಿಬೇರು ಇಲ್ಲಿದೆ.

ಈಗ ಗೊಂದಲದ ಮಾತಿಗೆ ಬರುತ್ತೇನೆ. ಮಿಲ್ಲರ್ ಕಾರು ಪಂದ್ಯದ ಪಟ್ಟಿಯಲ್ಲಿ ಯಾವಾಗಲೂ ಮಿಲ್ಲರ್ ಎಂದೇ ಇರುತ್ತಿರಲಿಲ್ಲ. ಹಣ ಕೊಟ್ಟವನ ಹೆಸರಿನ ಮುಂದೆ 'ಸ್ಪೆಷಲ್' ಸೇರಿಸಿದರೆ ಅದೇ ಕಾರಿನ ಹೆಸರು. ಕಾರು ಕೈಬದಲಾದರೆ ಮುಂದಿನ ವರ್ಷ ಅದಕ್ಕೆ ಇನ್ನೊಂದು 'ಸ್ಪೆಷಲ್' ಹೆಸರು. 1922ರಲ್ಲಿ ಇಂಡಿಯಾನಾಪೊಲಿಸ್ ಗೆದ್ದ 'ಮರ್ಫಿ ಸ್ಪೆಷಲ್' ಕಾರನ್ನೇ ನೋಡಿ. ಚಾಸಿ ಡ್ಯೂಸೆನ್‌ಬರ್ಗ್ ಸಹೋದರರದು, ಎಂಜಿನ್ ಮಿಲ್ಲರನದು, ಹೆಸರು ಮರ್ಫಿಯದು. ಅದನ್ನು ಯಾರ ಕಾರು ಎನ್ನೋಣ? ಮರ್ಫಿ 1921ರಲ್ಲಿ ಫ್ರಾನ್ಸಿನ ಗ್ರ್ಯಾಂಡ್ ಪ್ರೀ ಗೆದ್ದದ್ದು ಡ್ಯೂಸೆನ್‌ಬರ್ಗಿನಲ್ಲೇ. ವರ್ಷ ಕಳೆಯುವುದರೊಳಗೆ ಬಾನೆಟ್ಟಿನ ಕೆಳಗಿದ್ದ ಎಂಜಿನ್ ಬೇರೆಯಾಗಿತ್ತು.

ಇದಕ್ಕಿಂತ ದೊಡ್ಡ ಏಟು 1930ರಲ್ಲಿ ಬಿತ್ತು. ದುಬಾರಿ ಕಾರುಗಳ ಹಿಡಿತ ತಪ್ಪಿಸಬೇಕೆಂದು ಇಂಡಿಯಾನಾಪೊಲಿಸಿನವರು ನಿಯಮವನ್ನು ತಲೆಕೆಳಗು ಮಾಡಿದರು. 366 ಘನ ಅಂಗುಲದವರೆಗಿನ ದೊಡ್ಡ ಎಂಜಿನ್ನುಗಳಿಗೆ ಬಾಗಿಲು ತೆರೆಯಿತು. ಮಾಮೂಲಿ ಎಂಜಿನ್ನಿಗೆ ಸೂಪರ್‌ಚಾರ್ಜರ್ ಬೇಡವೆಂದಾಯಿತು. ಚಾಲಕನ ಪಕ್ಕದಲ್ಲಿ ಮೆಕ್ಯಾನಿಕ್ ಒಬ್ಬ ಕೂರಲೇಬೇಕೆಂದಾಯಿತು. ಮಿಲ್ಲರ್ 91 ಒಬ್ಬನೇ ಕೂರುವ ಸಪೂರ ಕಾರು. ಇದ್ದ ಕಾರುಗಳನ್ನು ಏನು ಮಾಡಬೇಕು? ಸೀಳಿದರು, ಅಗಲ ಮಾಡಿದರು, ಎಂಜಿನ್ ಕಿತ್ತು ಬೇರೆ ಕೂರಿಸಿದರು. ಮಿಲ್ಲರ್ ದಿವಾಳಿಯಾದ. 1933ರ ಆ ಹೊತ್ತಿನಲ್ಲಿ ಯಂತ್ರಗಳನ್ನೂ ಎರಕದ ಪಡಿಯಚ್ಚುಗಳನ್ನೂ ಆಫೆನ್‌ಹೌಸರ್ ಕೊಂಡುಕೊಂಡ. ಅವನ ಹೆಸರಿನ ನಾಲ್ಕು ಸಿಲಿಂಡರಿನ ಎಂಜಿನ್, ಮಿಲ್ಲರ್ ದೋಣಿಗಾಗಿ ಮಾಡಿದ್ದ ಎಂಜಿನ್ನಿನಿಂದ ಬೆಳೆದು, 1976ರವರೆಗೂ ಇಂಡಿಯಾನಾಪೊಲಿಸ್ ಗೆದ್ದಿತು. ವಂಶ ಬೆಳೆಯಿತು, ನಿಜ. ಆದರೆ ಅಮೆರಿಕದ ನೆಲದಲ್ಲಿ ಉಳಿದ ಮಿಲ್ಲರ್ 91 ಕಾರುಗಳ ಮೈಮೇಲೆ ಅಷ್ಟು ಕೈಗಳ ಗಾಯ ಬಿದ್ದಿದ್ದವು. ಹುಟ್ಟಿದಾಗ ಹೇಗಿತ್ತೆಂದು ಅವುಗಳಿಂದ ತಿಳಿಯುವುದು ಕಷ್ಟವಾಯಿತು.

ಹಾಗೆ ಕತ್ತರಿಗೆ ಸಿಗದೆ ಉಳಿದವು ಎರಡು ಕಾರು. ಅವು ಉಳಿದದ್ದು ಅಮೆರಿಕದಲ್ಲಿ ಇರಲಿಲ್ಲವಾದ್ದರಿಂದ.

ಲಿಯೋನ್ ಡುರೇ ಎಂಬ ಓಟಗಾರನಿದ್ದ. ಹೆಸರು ಕೇಳಿದರೆ ಫ್ರೆಂಚರವನು ಅನಿಸುತ್ತದೆ. ಹುಟ್ಟಿದಾಗ ಇಟ್ಟ ಹೆಸರು ಜಾರ್ಜ್ ಸ್ಟೂವರ್ಟ್, ಅಪ್ಪಟ ಅಮೆರಿಕದವನು. ಓಟದ ಜಗತ್ತಿನಲ್ಲಿ ಆಗ ಫ್ರೆಂಚ್ ಹೆಸರಿಗೆ ಗತ್ತು ಇತ್ತು, ಇಟ್ಟುಕೊಂಡ. ಓಹಾಯೋ ರಾಜ್ಯದ ವಾರನ್ ಊರಿನ ಪ್ಯಾಕಾರ್ಡ್ ಎಲೆಕ್ಟ್ರಿಕ್ ಕಂಪನಿಯ ಕೇಬಲ್ಲುಗಳ ಹೆಸರಿನಲ್ಲಿ ಅವನ ಕಾರು 'ಪ್ಯಾಕಾರ್ಡ್ ಕೇಬಲ್ ಸ್ಪೆಷಲ್' ಆಯಿತು. 1928ರಲ್ಲಿ ಇಂಡಿಯಾನಾಪೊಲಿಸಿನ ಅರ್ಹತಾ ಓಟದಲ್ಲಿ ಡುರೇ ಗಂಟೆಗೆ 122.391 ಮೈಲಿ ವೇಗ ಮುಟ್ಟಿದ. ಆ ದಾಖಲೆ 1937ರವರೆಗೆ ಮುರಿಯಲಿಲ್ಲ. ಅದೇ 1928ರ ಜೂನ್ ತಿಂಗಳಲ್ಲಿ, ಡೆಟ್ರಾಯಿಟ್ ಬಳಿಯ ಪ್ಯಾಕಾರ್ಡ್ ಕಾರು ಕಂಪನಿಯ ಪರೀಕ್ಷಾ ಪಥದಲ್ಲಿ ಗಂಟೆಗೆ 148.17 ಮೈಲಿ ವೇಗದಲ್ಲಿ ಓಡಿಸಿದ. ಕಿಲೋಮೀಟರಿನಲ್ಲಿ 238. ನೆನಪಿಡಿ, 1500 ಸಿಸಿ ಎಂಜಿನ್.

1929ರಲ್ಲಿ ಡುರೇ ಎರಡು ಮುಂಚಕ್ರದ ಮಿಲ್ಲರ್ ಕಾರುಗಳನ್ನು ಹಡಗಿನಲ್ಲಿ ಹಾಕಿಕೊಂಡು ಯುರೋಪಿಗೆ ಹೋದ. ಪ್ಯಾರಿಸ್ ಹತ್ತಿರದ ಮಾಂಟ್ಲೇರಿ ಪಥದಲ್ಲಿ ದಾಖಲೆಗಳನ್ನು ಮಾಡಿದ. ಇಟಲಿಯ ಮೊಂಝಾದಲ್ಲಿ ಓಡಿದ. ಅಲ್ಲಿ ಎರಡೂ ಕಾರು ಕೈಕೊಟ್ಟವು, ಪಂದ್ಯ ಮುಗಿಸಲಿಲ್ಲ. ಆದರೆ ಓಡಿದಷ್ಟು ಹೊತ್ತು ಅವುಗಳ ವೇಗವನ್ನು ಕಣ್ಣಿಟ್ಟು ನೋಡಿದವನು ಎತ್ತೋರೆ ಬುಗಾಟ್ಟಿ. ಯುರೋಪಿನ ಪಂದ್ಯಗಳಲ್ಲಿ ಅವನ ಕಾರುಗಳದ್ದೇ ಕಾರುಬಾರು ನಡೆಯುತ್ತಿದ್ದ ಕಾಲ. ಆದರೆ ಅವನ ಎಂಜಿನ್ನುಗಳ ತಲೆಯ ಮೇಲೆ ಇನ್ನೂ ಒಂದೇ ಕ್ಯಾಮ್‌ಶಾಫ್ಟ್. ಬುಗಾಟ್ಟಿ ವ್ಯವಹಾರ ಕುದುರಿಸಿದ. ತನ್ನ ಟೈಪ್ 43 ಮಾದರಿಯ ಮೂರು ಕಾರು ಕೊಟ್ಟು ಡುರೇಯ ಎರಡು ಮಿಲ್ಲರ್ ಪಡೆದ. ಕಾರುಗಳು ಫ್ರಾನ್ಸಿನ ಆಲ್ಸೇಸ್ ಸೀಮೆಯ ಮೋಲ್ಸೈಮ್ ಊರಿನ ಬುಗಾಟ್ಟಿ ಕಾರ್ಖಾನೆಗೆ ಬಂದವು. ಎಂಜಿನ್ನುಗಳನ್ನು ಬಿಚ್ಚಿ ಅಭ್ಯಾಸ ಮಾಡಿದರು. 1930ರಲ್ಲಿ ಎರಡು ಕ್ಯಾಮ್‌ಶಾಫ್ಟಿನ ಬುಗಾಟ್ಟಿ ಟೈಪ್ 50 ಬಂತು. 1931ರಲ್ಲಿ ಟೈಪ್ 51 ಬಂತು, ಬಂದ ವರ್ಷವೇ ಫ್ರಾನ್ಸಿನ ಗ್ರ್ಯಾಂಡ್ ಪ್ರೀ ಗೆದ್ದಿತು.

ಇಲ್ಲಿಂದ ಮುಂದೆ ಮಿಲ್ಲರ್ ಕಾರುಗಳ ಸುದ್ದಿ ಯಾರಿಗೂ ಬೇಕಾಗಲಿಲ್ಲ. ಬುಗಾಟ್ಟಿಯ ಮಗ ಜಾನ್ 1939ರಲ್ಲಿ ಕಾರು ಓಡಿಸುವಾಗಲೇ ಸತ್ತ. 1940ರಲ್ಲಿ ಜರ್ಮನರು ಕಾರ್ಖಾನೆಯನ್ನು ವಶಪಡಿಸಿಕೊಂಡರು. 1947ರಲ್ಲಿ ಎತ್ತೋರೆ ತೀರಿಕೊಂಡ. ಕಾರ್ಖಾನೆ ಸೊರಗಿತು.

1950ರ ದಶಕದಲ್ಲಿ ಗ್ರಿಫಿತ್ ಬೋರ್ಜೆಸನ್ ಎಂಬ ಅಮೆರಿಕನ್ ಪತ್ರಕರ್ತರು ಮಿಲ್ಲರನ ಚರಿತ್ರೆಯ ಬೆನ್ನು ಹತ್ತಿದರು. ಅವರ ಕೆಲಸದ ರೀತಿ ನನಗೆ ತುಂಬ ಇಷ್ಟ. ಮೊದಲು ಬದುಕಿದ್ದವರನ್ನು ಹುಡುಕಿದರು. ಗೂಸೆನ್ ಇದ್ದ, ಆಫೆನ್‌ಹೌಸರ್ ಇದ್ದ, ಹಳೆಯ ಮೆಕ್ಯಾನಿಕ್ಕುಗಳು, ಓಟಗಾರರು ಇದ್ದರು. ಅವರ ಮಾತುಗಳನ್ನು ಬರೆದುಕೊಂಡರು. ಡುರೇ ಕೊಟ್ಟು ಬಂದ ಕಾರುಗಳ ಜಾಡು ಹಿಡಿದು ಮೋಲ್ಸೈಮಿಗೆ ಹೋದರು. ಎರಡೂ ಅಲ್ಲೇ ಇದ್ದವು. ಕೊಂಡುಕೊಂಡರು. 1959ರಲ್ಲಿ ಅವು ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಮರಳಿದವು. ಹೋದಾಗ ಓಟದ ಹೊಸ ಕಾರುಗಳು, ಬರುವಾಗ ಧೂಳು ತುಂಬಿದ ಮೂವತ್ತು ವರ್ಷದ ಹಳೆಯ ಲೋಹ. ಆದರೆ ಅಮೆರಿಕದ ಅಣ್ಣತಮ್ಮಂದಿರ ಮೈಯಲ್ಲಿ ಇಲ್ಲದ ಒಂದು ಗುಣ ಇವುಗಳ ಮೈಯಲ್ಲಿತ್ತು. 1930ರ ನಿಯಮದ ಗರಗಸ ಇವನ್ನು ಮುಟ್ಟಿರಲಿಲ್ಲ. ಮಿಲ್ಲರನ ಕಾರ್ಖಾನೆಯವರು ಹೊಡೆದ ರಿವೆಟ್ಟು, ಬಡಿದ ತಗಡು, ಕಡೆದ ತುಂಡುಗಳು ಬಹುಮಟ್ಟಿಗೆ ಡುರೇ ಬಿಟ್ಟುಬಂದ ದಿನದಂತೆಯೇ ಸಾಕ್ಷಿ ಹೇಳಲು ನಿಂತಿದ್ದವು. ತಾಳೆಗರಿಯ ಪ್ರತಿಗಳನ್ನು ತುಲನೆ ಮಾಡುವವರಿಗೆ ಈ ಸಂತೋಷ ಅರ್ಥವಾಗುತ್ತದೆ. ಹತ್ತು ಪ್ರತಿಗಳಲ್ಲಿ ಲಿಪಿಕಾರರು ಕೈಯಾಡಿಸಿರುವಾಗ, ದೂರದ ಮಠವೊಂದರಲ್ಲಿ ಯಾರೂ ತಿದ್ದದ ಹನ್ನೊಂದನೆಯ ಪ್ರತಿ ಸಿಕ್ಕಂತೆ ಇದು.

ಬೋರ್ಜೆಸನ್ ಅಲ್ಲಿಗೆ ನಿಲ್ಲಲಿಲ್ಲ. ಬುಗಾಟ್ಟಿಗೆ ಎರಡು ಕ್ಯಾಮ್‌ಶಾಫ್ಟ್ ಮಿಲ್ಲರನಿಂದ ಬಂತು ಎಂದಾದರೆ ಮಿಲ್ಲರನಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳಲೇಬೇಕಲ್ಲ. ಉತ್ತರ ಸಿಗುವುದು 1915ರಲ್ಲಿ. ಬಾಬ್ ಬರ್ಮನ್ ಎಂಬ ಓಟಗಾರನ ಬಳಿ ಫ್ರಾನ್ಸಿನ ಪ್ಯೂಜೋ ಕಾರು ಇತ್ತು. ಅದರ ಎಂಜಿನ್ ಒಡೆಯಿತು. ಯುರೋಪಿನಲ್ಲಿ ಮಹಾಯುದ್ಧ, ಫ್ರಾನ್ಸಿನಿಂದ ಬಿಡಿಭಾಗ ಬರುವಂತಿರಲಿಲ್ಲ. ಬರ್ಮನ್ ಎಂಜಿನ್ನನ್ನು ಮಿಲ್ಲರನ ಅಂಗಡಿಗೆ ತಂದ. ಮಿಲ್ಲರನೂ ಆಫೆನ್‌ಹೌಸರನೂ ಅದನ್ನು ಬಿಚ್ಚಿದರು, ಅಳೆದರು, ಒಡೆದದ್ದಕ್ಕೆ ಬದಲಾಗಿ ಇನ್ನೂ ಗಟ್ಟಿಯಾದದ್ದನ್ನು ಮಾಡಿಕೊಟ್ಟರು. ಬರ್ಮನ್ ಮರುವರ್ಷ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯಾದ ಕರೋನಾ ಪಂದ್ಯದಲ್ಲಿ ಸತ್ತ. ಅವನ ಎಂಜಿನ್ ಕಲಿಸಿದ ಪಾಠ ಮಾತ್ರ ಲಾಸ್ ಏಂಜಲೀಸಿನಲ್ಲಿ ಉಳಿಯಿತು.

ಆ ಪ್ಯೂಜೋದ ಹಿಂದೆ ಇನ್ನೊಂದು ಕಥೆ. ಮೂವರು ಓಟಗಾರರು, ಜೂಲ್ ಗೂ, ಜಾರ್ಜ್ ಬ್ವಾಯೋ, ಪಾಲ್ ಝುಕ್ಕಾರೆಲ್ಲಿ. ಅವರ ಜೊತೆಗೊಬ್ಬ ಸ್ವಿಸ್ ನಕ್ಷೆಗಾರ ಎರ್ನೆಸ್ಟ್ ಹೆನ್ರಿ. ಇವರು ಸೇರಿ ಕಟ್ಟಿದ, ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟ್, ಸಿಲಿಂಡರಿಗೆ ನಾಲ್ಕು ವಾಲ್ವ್ ಇದ್ದ ಪ್ಯೂಜೋ 1912ರಲ್ಲಿ ಡಿಯೆಪ್ ಊರಿನಲ್ಲಿ ನಡೆದ ಫ್ರೆಂಚ್ ಗ್ರ್ಯಾಂಡ್ ಪ್ರೀ ಗೆದ್ದಿತು. 1913ರಲ್ಲಿ ಗೂ ಪ್ಯೂಜೋ ಓಡಿಸಿ ಇಂಡಿಯಾನಾಪೊಲಿಸನ್ನೂ ಗೆದ್ದ. ಈ ಎಂಜಿನ್ನಿನ ಯೋಚನೆ ಹೆನ್ರಿಯದೋ, ಓಟಗಾರರದೋ, ಝುಕ್ಕಾರೆಲ್ಲಿ ಮೊದಲು ಕೆಲಸ ಮಾಡಿದ ಹಿಸ್ಪಾನೋ-ಸುಯಿಝಾ ಕಂಪನಿಯಿಂದ ಬಂದದ್ದೋ ಎಂದು ಚರಿತ್ರಕಾರರು ಬಹಳ ವರ್ಷ ವಾದಿಸಿದ್ದಾರೆ. ಬೋರ್ಜೆಸನ್ 1981ರಲ್ಲಿ ಎರಡು ಕ್ಯಾಮ್‌ಶಾಫ್ಟಿನ ಎಂಜಿನ್ನಿನ ಬಗ್ಗೆಯೇ ಒಂದು ಪುಸ್ತಕ ಬರೆದರು.

ಹಾಗಾದರೆ ಮಿಲ್ಲರ್ ಅಮೆರಿಕದ ಕಾರೇ? ನನ್ನ ಉತ್ತರ, ಹೌದು, ಅಪ್ಪಟ ಅಮೆರಿಕದ್ದು. ಬೀಜ ಫ್ರಾನ್ಸಿನಿಂದ ಬಂತು. ಆದರೆ ಎಂಟು ಪುಟ್ಟ ಸಿಲಿಂಡರುಗಳನ್ನು ಸಾಲಾಗಿ ನಿಲ್ಲಿಸಿದ್ದು, ಮುಂಚಕ್ರಕ್ಕೆ ಶಕ್ತಿ ಕೊಟ್ಟದ್ದು, ಮರದ ಹಲಗೆಯ ಪಥಗಳ ಮೇಲೆ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುವಂತೆ ಹದಗೊಳಿಸಿದ್ದು ಲಾಸ್ ಏಂಜಲೀಸಿನಲ್ಲಿ. ಆ ಮರದ ಪಥಗಳು ಅಮೆರಿಕದ್ದೇ ಹುಚ್ಚು. ಸಾಲು ಸಾಲು ಹಲಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿ, ತಿರುವಿನಲ್ಲಿ ಗೋಡೆಯಂತೆ ಎತ್ತರಿಸಿ ಕಟ್ಟಿದ ಪಥಗಳು. ಬಿಸಿಲು ಮಳೆಗೆ ಕೆಲವೇ ವರ್ಷಗಳಲ್ಲಿ ಕೊಳೆಯುತ್ತಿದ್ದವು. ಮಿಲ್ಲರ್ 91 ಯಾಕೆ ಹಾಗಿತ್ತು ಎಂದು ತಿಳಿಯಬೇಕಾದರೆ ಆ ಹಲಗೆಗಳನ್ನು ತಿಳಿಯಬೇಕು. ಯುರೋಪಿನ ರಸ್ತೆಯ ಪಂದ್ಯಗಳಿಗೆ ಬೇಕಾದ ಹದ ಬೇರೆ, ಅಮೆರಿಕದ ದುಂಡು ಪಥಕ್ಕೆ ಬೇಕಾದ ಹದ ಬೇರೆ. ಫ್ರಾನ್ಸಿನಿಂದ ಕಲಿತದ್ದು ಫ್ರಾನ್ಸಿಗೇ ಮರಳಿ ಪಾಠ ಹೇಳಿತು. ಈ ಹೋಗಿಬರುವ ದಾರಿ ಮುಚ್ಚಿಹೋಗದಂತೆ ಕಾದದ್ದು ಎರಡು ಕಾರುಗಳ ಲೋಹ. ಅದು ಇಲ್ಲದಿದ್ದರೆ ಬುಗಾಟ್ಟಿ ಮಿಲ್ಲರನಿಂದ ಕಲಿತ ಎಂಬುದು ಬಾಯಿಮಾತಿನ ಕಥೆಯಾಗಿ ಉಳಿಯುತ್ತಿತ್ತು.

ಪರೀಕ್ಷೆ ಮಾಡುವವರು ನೋಡುವುದೇನು ಎಂದು ಸ್ವಲ್ಪ ಹೇಳಬೇಕು. ಮೊದಲು ತೂತುಗಳು. ಚಾಸಿಯ ಉಕ್ಕಿನ ಪಟ್ಟಿಯಲ್ಲಿ ಈಗ ಯಾವ ಕೆಲಸಕ್ಕೂ ಬಾರದ ತೂತೊಂದು ಇದ್ದರೆ ಅಲ್ಲಿ ಹಿಂದೆ ಏನೋ ಇತ್ತು. ಅದನ್ನು ಮುಚ್ಚಿದ್ದರೆ ಮುಚ್ಚಿದವನು ಯಾವ ಕಾಲದವನು ಎಂದು ಬೆಸುಗೆಯೇ ಹೇಳುತ್ತದೆ. ಗ್ಯಾಸ್ ಬೆಸುಗೆಯ ಗುರುತು ಒಂದು ಬಗೆ, ಈಚಿನ ವಿದ್ಯುತ್ ಬೆಸುಗೆಯದು ಇನ್ನೊಂದು. ಆಮೇಲೆ ಬಣ್ಣದ ಪದರಗಳು. ಮೇಲಿನದನ್ನು ಅಂಗುಲದಷ್ಟು ಜಾಗದಲ್ಲಿ ನಾಜೂಕಾಗಿ ಉಜ್ಜುತ್ತ ಹೋದರೆ ಒಂದೊಂದು ವರ್ಷದ 'ಸ್ಪೆಷಲ್' ಬಣ್ಣವೂ ಈರುಳ್ಳಿ ಸಿಪ್ಪೆಯಂತೆ ತೆರೆದುಕೊಳ್ಳುತ್ತದೆ. ಆಮೇಲೆ ಫೋಟೋ. ಇಂಡಿಯಾನಾಪೊಲಿಸಿನಲ್ಲಿ ಅರ್ಹತೆ ಪಡೆದ ಕಾರನ್ನೂ ಚಾಲಕನನ್ನೂ ನಿಲ್ಲಿಸಿ ಪ್ರತಿವರ್ಷ ಚಿತ್ರ ತೆಗೆಯುವ ಪದ್ಧತಿ ಇದೆ. ಬಾನೆಟ್ಟಿನ ಮೇಲೆ ಗಾಳಿಗಾಗಿ ಸೀಳಿದ ಕಿಂಡಿಗಳೆಷ್ಟು, ಅವುಗಳ ನಡುವಿನ ಅಂತರವೆಷ್ಟು, ಪಕ್ಕದ ರಿವೆಟ್ಟುಗಳು ಸೊಟ್ಟಗಿವೆಯೋ ನೇರವಾಗಿವೆಯೋ ಎಂದು ಎಣಿಸುತ್ತ ಕೂರುತ್ತಾರೆ. ಕೈಯಿಂದ ಬಡಿದು ಮಾಡಿದ ತಗಡಿನಲ್ಲಿ ಎರಡು ಒಂದೇ ತೆರನಾಗಿರುವುದಿಲ್ಲ. ನಮ್ಮ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಮಾಡುವ ಒಳ್ಳೆಯ ಕೆಲಸಗಾರ ಯಾರ ಸುತ್ತಿಗೆಯ ಏಟು ಯಾವುದು ಎಂದು ಗುರುತು ಹಿಡಿಯುತ್ತಾನಲ್ಲ, ಹಾಗೆ.

ನಕ್ಷೆಗಳೂ ಇವೆ. ಆದರೆ ನಕ್ಷೆ ಇಬ್ಬಾಯಿಯ ಕತ್ತಿ. ಗೂಸೆನ್ ಬರೆದ ನಕ್ಷೆ ಹಿಡಿದು ಇವತ್ತಿನ ಕುಶಲಿಯೊಬ್ಬ ಹೊಚ್ಚ ಹೊಸ ಮಿಲ್ಲರ್ ಕಟ್ಟಬಲ್ಲ, ಕಟ್ಟಿದ್ದೂ ಉಂಟು. ಇದು ಹೊಸದು ಎಂದು ಹೇಳಿಕೊಂಡರೆ ಅದರಲ್ಲಿ ತಪ್ಪೇನಿಲ್ಲ, ವಿದ್ಯೆ ಉಳಿಯುತ್ತದೆ. ಹೇಳದೆ ಮಾರಿದರೆ ಅದು ಕೂಟಶಾಸನ.

ಹಳೆಯದರ ತುಂಡು ಎಷ್ಟು ಉಳಿದಿದ್ದರೆ ಅದು ಹಳೆಯ ಕಾರು? ಈ ಪ್ರಶ್ನೆ ಒಮ್ಮೆ ಲಂಡನ್ನಿನ ಹೈಕೋರ್ಟಿಗೇ ಹೋಯಿತು. ಕಾರು ಅಮೆರಿಕದ್ದಲ್ಲ, ಇಂಗ್ಲೆಂಡಿನ ಬೆಂಟ್ಲಿ. 1929ರಲ್ಲೂ 1930ರಲ್ಲೂ ಫ್ರಾನ್ಸಿನ ಲ ಮಾನ್ ಪಂದ್ಯ ಗೆದ್ದ, 'ಓಲ್ಡ್ ನಂಬರ್ ಒನ್' ಎಂದು ಹೆಸರಾದ ಕಾರು. ಅದನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಗೆದ್ದಾಗಿನ ಭಾಗಗಳು ಇದರಲ್ಲಿ ಬಹಳ ಕಡಿಮೆ, ಇದು ಆ ಕಾರೇ ಅಲ್ಲ ಎಂದು ಹಿಂದೆಗೆದರು. 1990ರಲ್ಲಿ ನ್ಯಾಯಮೂರ್ತಿ ಆಟನ್ ತೀರ್ಪು ಕೊಟ್ಟರು. ಇದನ್ನು ಹುಟ್ಟಿದಾಗಿನ ಕಾರು ಎನ್ನಲಾಗದು, ಆದರೆ ಇದೇ ನಿಜವಾದ ಓಲ್ಡ್ ನಂಬರ್ ಒನ್ ಎಂದರು. ಕಾರಣ, ಅದರ ಬಾಳು ಎಲ್ಲೂ ಕಡಿದುಹೋಗಿರಲಿಲ್ಲ. ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಗುತ್ತ ಬಂದಿತ್ತು, ಆ ಹೆಸರು ಹೇಳಿಕೊಳ್ಳುವ ಬೇರೆ ಕಾರು ಇರಲಿಲ್ಲ. ಊರ ತೇರಿಗೆ ಚಕ್ರ ಬದಲಾಗುತ್ತದೆ, ಅಚ್ಚು ಬದಲಾಗುತ್ತದೆ, ಮೇಲಿನ ಮರವೂ ಬದಲಾಗುತ್ತದೆ. ಅದೇ ತೇರೆಂದೇ ನಾವು ಎಳೆಯುತ್ತೇವೆ. ಆ ತೀರ್ಪನ್ನು ನಾನು ಒಪ್ಪುತ್ತೇನೆ. ಆದರೆ ಯಾವ ಚಕ್ರವನ್ನು ಯಾವಾಗ ಬದಲಿಸಿದೆವು ಎಂದು ಬರೆದಿಟ್ಟಿರಬೇಕು.

ಹಾಗೆ ಬರೆದಿಡುವ ಕೆಲಸವನ್ನು ಅಮೆರಿಕದವರು ಕೊನೆಗೂ ಕೈಗೆತ್ತಿಕೊಂಡರು. ಸೇತುವೆ, ಗಿರಣಿ, ಕಾರ್ಖಾನೆಗಳಂಥ ಎಂಜಿನಿಯರಿಂಗ್ ಪರಂಪರೆಯನ್ನು ದಾಖಲಿಸಲು ಅಲ್ಲಿ 1969ರಿಂದ ಒಂದು ಸರ್ಕಾರಿ ಯೋಜನೆ ಇದೆ. ದಾಖಲೆಗಳನ್ನು ಅವರ ಸಂಸತ್ತಿನ ಗ್ರಂಥಾಲಯದಲ್ಲಿ ಇಡುತ್ತಾರೆ. 2014ರಲ್ಲಿ ಆ ದಾಖಲೆಗಳಿಗೆ ಮೊದಲ ಮೋಟಾರು ವಾಹನ ಸೇರಿತು. ಅದೊಂದು ಓಟದ ಕಾರು, ಶೆಲ್ಬಿ ಕೋಬ್ರಾ ಡೇಟೋನಾ ಕೂಪೆ, ಚಾಸಿ ನಂಬರು ಸಿಎಸ್ಎಕ್ಸ್ 2287. ಇದರ ಮೂಲವೂ ಒಂದೇ ಊರಿನದಲ್ಲ. ಚಾಸಿ ಇಂಗ್ಲೆಂಡಿನ ಎಸಿ ಕಾರ್ಸ್ ಕಂಪನಿಯದು. ಎಂಜಿನ್ ಅಮೆರಿಕದ ಫೋರ್ಡ್ ವಿ-8. ಮೇಲಿನ ಆಕಾರ ಪೀಟರ್ ಬ್ರಾಕ್ ಎಂಬ ಯುವಕನ ಕಲ್ಪನೆ. ಒಟ್ಟು ಆರು ಕೂಪೆಗಳಲ್ಲಿ ಐದರ ಮೈಯನ್ನು ಇಟಲಿಯ ಮೊಡೆನಾದಲ್ಲಿ ಕಟ್ಟಿಸಿದರು. ಮೊದಲನೆಯದಾದ ಇದೊಂದು ಕ್ಯಾಲಿಫೋರ್ನಿಯಾದ ವೆನಿಸ್ ಎಂಬಲ್ಲಿ ಸಿದ್ಧವಾಯಿತು. 1964ರಲ್ಲಿ ಸೆಬ್ರಿಂಗ್ 12 ಗಂಟೆಯ ಓಟದಲ್ಲಿ ತನ್ನ ವರ್ಗದಲ್ಲಿ ಗೆದ್ದಿತು. ಕೆಲವು ವರ್ಷಗಳಲ್ಲಿ ಜನರ ಕಣ್ಣಿಂದ ಮರೆಯಾಯಿತು. ದಕ್ಷಿಣ ಕ್ಯಾಲಿಫೋರ್ನಿಯಾದ ಬಾಡಿಗೆ ಗೋದಾಮಿನೊಳಗೆ ಸುಮಾರು ಮೂರು ದಶಕ ಮುಚ್ಚಿದ ಬಾಗಿಲ ಹಿಂದೆ ಇದ್ದು, 2001ರಲ್ಲಿ ಹೊರಬಂತು.

ಕೊನೆಗೆ ಅದು ಫಿಲಡೆಲ್ಫಿಯಾದ ಫ್ರೆಡರಿಕ್ ಸಿಮಿಯೋನ್ ಅವರ ಕೈ ಸೇರಿತು. ಅವರು ಮಿದುಳಿನ ಶಸ್ತ್ರವೈದ್ಯರಾಗಿದ್ದರು. ಓಟದ ಹಳೆಯ ಕಾರುಗಳಿಗಾಗಿಯೇ ಒಂದು ಸಂಗ್ರಹಾಲಯ ಕಟ್ಟಿದವರು. ಸಿಕ್ಕಿದ ಕಾರನ್ನು ಹೊಸ ಮದುಮಗಳಂತೆ ಸಿಂಗರಿಸಬಾರದು ಎಂಬುದು ಅವರ ಹಟವಾಗಿತ್ತು. ಈ ಕೂಪೆಯ ಹಳೆಯ ಬಣ್ಣ, ಗೀರುಗಳನ್ನು ಆದಷ್ಟೂ ಉಳಿಸಿಕೊಂಡರು. ಮಿದುಳನ್ನು ಬಿಚ್ಚಿ ಕೆಲಸ ಮಾಡಿದವರಿಗೆ, ಒಮ್ಮೆ ಕತ್ತರಿಸಿ ತೆಗೆದದ್ದನ್ನು ಮರಳಿ ಇಡಲಾಗದು ಎಂಬುದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿದ್ದೀತು. ಪುಟ್ಟಿ ಮೆತ್ತಿ, ಮರಳು ಕಾಗದ ಉಜ್ಜಿ, ಕನ್ನಡಿಯಂತೆ ಹೊಳೆಯುವ ಬಣ್ಣ ಹೊಡೆದ ಕಾರಿನ ಮುಂದೆ ನಿಂತು ಜನ ಚಪ್ಪಾಳೆ ತಟ್ಟುತ್ತಾರೆ. ಆ ಹೊಳಪಿನ ಕೆಳಗೆ ಎಷ್ಟು ತೂತು, ಎಷ್ಟು ಬೆಸುಗೆ, ಎಷ್ಟು ವರ್ಷದ ಬಣ್ಣ ಅಳಿಸಿಹೋಯಿತೋ! ಜೀರ್ಣೋದ್ಧಾರದ ಹೆಸರಿನಲ್ಲಿ ದೇವಸ್ಥಾನದ ಗೋಡೆಯ ಶಾಸನಕ್ಕೆ ಸುಣ್ಣ ಬಳಿದದ್ದನ್ನು ನಾವೆಲ್ಲ ನೋಡಿದ್ದೇವೆ. ನನಗೆ ಎರಡರ ನಡುವೆ ಭೇದ ಕಾಣುವುದಿಲ್ಲ.

ಮೋಲ್ಸೈಮಿನಿಂದ ಬಂದ ಎರಡು ಮಿಲ್ಲರ್ ಕಾರುಗಳಲ್ಲಿ ಒಂದು ಇಂಡಿಯಾನಾಪೊಲಿಸ್ ಪಥದ ಸಂಗ್ರಹಾಲಯಕ್ಕೆ ಸೇರಿತು. ಇನ್ನೊಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿತು. ಖಾಸಗಿ ಯಜಮಾನರ ಕೈಯಿಂದ ಸಾರ್ವಜನಿಕರ ಕೈಗೆ ಬಂದವು, ಇನ್ನು ಅಭ್ಯಾಸ ಮಾಡುವವರಿಗೆ ದಾರಿ ತೆರೆದಿದೆ.

ನಮ್ಮಲ್ಲಿಯೂ ಧರ್ಮಸ್ಥಳದಲ್ಲಿ, ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹಗಳಿವೆ. ಹೋದಾಗ ಹೊಳಪನ್ನು ಮಾತ್ರ ನೋಡಿ ಬರಬೇಡಿ, ಬಗ್ಗಿ ಗೀರುಗಳನ್ನೂ ನೋಡಿ. ಕೇಳುತ್ತಿರುವ ನಿಮ್ಮಲ್ಲಿ ಯಾರ ಮನೆಯ ಕೊಟ್ಟಿಗೆಯಲ್ಲಾದರೂ ಅಜ್ಜನ ಕಾಲದ ಕಾರೋ, ಜೀಪೋ, ಮೋಟಾರ್ ಸೈಕಲ್ಲೋ ಗೋಣಿಚೀಲ ಹೊದ್ದು ನಿಂತಿರಬಹುದು. ಅದನ್ನು ಗುಜರಿಗೆ ಕೊಡುವ ಮೊದಲು, ಬಣ್ಣ ಹೊಡೆಸುವುದಕ್ಕೂ ಮೊದಲು, ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿಕೊಳ್ಳಿ. ಹಳೆಯ ಆರ್‌ಸಿ ಪುಸ್ತಕ, ರಿಪೇರಿಯ ರಸೀದಿ ಇದ್ದರೆ ಅದರ ಜೊತೆಗಿಡಿ. ಅದನ್ನು ಓಡಿಸಿದವರೋ ರಿಪೇರಿ ಮಾಡಿದವರೋ ಊರಲ್ಲಿ ಇನ್ನೂ ಬದುಕಿದ್ದರೆ, ದಯವಿಟ್ಟು ಈ ವಾರವೇ ಹೋಗಿ ಅವರನ್ನು ಮಾತಾಡಿಸಿ, ಹೇಳಿದ್ದನ್ನು ಬರೆದುಕೊಳ್ಳಿ.